ಓದುಗರ ಪ್ರಶ್ನೆ: ಭೂತ ಬೇರೆಯಲ್ಲ, ಮನೆ ಬೇರೆಯಲ್ಲ

ಹಳೆಯ ಗೋಥಿಕ್ ಭಯಾನಕ ಚಿತ್ರಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಐದೂ ಸಣ್ಣಕಥೆಗಳಿಂದ ಹುಟ್ಟಿದ ಚಿತ್ರಗಳಿಗೆ ಸಂಬಂಧಿಸಿದವು.

ಪ್ರಶ್ನೆ: ರೋಜರ್ ಕಾರ್ಮನ್ ನಿರ್ದೇಶನದ ‘ಹೌಸ್ ಆಫ್ ಅಷರ್’ ಚಿತ್ರವನ್ನು ನೋಡಿದ ಮೇಲೆ ಎಡ್ಗರ್ ಅಲನ್ ಪೋ ಬರೆದ ಮೂಲಕಥೆಯನ್ನು ಓದಿದೆ. ಕಥೆಯಲ್ಲಿ ನಡೆಯುವುದು ತೀರಾ ಕಡಿಮೆ. ಇಷ್ಟು ಚಿಕ್ಕ ಕಥೆಯನ್ನು ಎಳೆದರೆ ಚಿತ್ರ ನೀರು ಬೆರೆಸಿದ ಮಜ್ಜಿಗೆಯಂತೆ ಆಗಬೇಕಿತ್ತು. ಹಾಗಾಗಲಿಲ್ಲ, ಏಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಎಳೆದಿದ್ದರೆ ನೀವು ಹೇಳಿದಂತೆಯೇ ಆಗುತ್ತಿತ್ತು. ಸಣ್ಣಕಥೆಯನ್ನು ಒಂದೇ ಪಟ್ಟಿಗೆ ಕುಳಿತು ಓದಿ ಮುಗಿಸುವಂತಿರಬೇಕು, ಅದರ ಪ್ರತಿಯೊಂದು ಮಾತೂ ಒಂದೇ ಪರಿಣಾಮಕ್ಕಾಗಿ ದುಡಿಯಬೇಕು ಎಂದು ಪೋ 1842ರಲ್ಲಿ ಬರೆದ ಒಂದು ವಿಮರ್ಶೆಯಲ್ಲಿ ವಾದಿಸಿದ್ದ. 1839ರಲ್ಲಿ ಪ್ರಕಟವಾದ ಅಷರ್ ಮನೆತನದ ಕಥೆ ಅದಕ್ಕೆ ತಕ್ಕ ಮಾದರಿ. ಕಾದಂಬರಿಯನ್ನು ಚಿತ್ರವಾಗಿಸುವವರು ಏನನ್ನು ಬಿಡಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಇಂತಹ ಕಥೆಯನ್ನು ಹಿಡಿದವರಿಗೆ ಬಿಡುವುದಕ್ಕೆ ಏನೂ ಇರುವುದಿಲ್ಲ; ಕಥೆಗಾರ ಹೇಳದೆ ಉಳಿಸಿದ್ದರಲ್ಲಿ ಯಾವುದನ್ನು ತೋರಿಸಬಹುದು ಎಂಬುದನ್ನು ಮಾತ್ರ ಅವರು ಹುಡುಕಬೇಕಾಗುತ್ತದೆ.

ಚಿತ್ರಕಥೆ ಬರೆದ ರಿಚರ್ಡ್ ಮ್ಯಾಥಿಸನ್ ಮಾಡಿದ ಒಂದು ಬದಲಾವಣೆಯನ್ನು ಗಮನಿಸಿ. ಪೋ ಕಥೆಯ ನಿರೂಪಕ ರಾಡ್ರಿಕ್ ಅಷರನ ಬಾಲ್ಯದ ಗೆಳೆಯ. ಕಾಗದ ಬಂದಿತೆಂದು ಬಂದವನು, ಬೇಡವೆನಿಸಿದರೆ ಮರುದಿನ ಹೊರಟುಬಿಡಬಹುದಾದವನು. ಚಿತ್ರದಲ್ಲಿ ಅವನ ಜಾಗಕ್ಕೆ ರಾಡ್ರಿಕ್‌ನ ತಂಗಿ ಮ್ಯಾಡಲಿನ್‌ಳನ್ನು ಮದುವೆಯಾಗಲಿರುವ ಯುವಕ ಬರುತ್ತಾನೆ. ಅವಳನ್ನು ಬಿಟ್ಟು ಅವನು ಹೋಗುವಂತಿಲ್ಲ, ಅಣ್ಣ ಅವಳನ್ನು ಕಳುಹಿಸುವಂತಿಲ್ಲ. ಹೆಣ್ಣು ಕೇಳಲು ಬಂದವನಿಗೂ ಕೊಡಲೊಲ್ಲದ ಮನೆಯವರಿಗೂ ನಡುವೆ ನಡೆಯುವ ಈ ಹಗ್ಗಜಗ್ಗಾಟ ನಮಗೆ ಅಪರಿಚಿತವೇನಲ್ಲ. ಇಷ್ಟರಿಂದಲೇ ಸುಮಾರು 80 ನಿಮಿಷ ಆ ಮನೆಯೊಳಗೆ ಕುಳಿತಿರಲು ನಮಗೂ ಒಂದು ಕಾರಣ ಸಿಕ್ಕಿತು.

ಯುವಕ ಒಳಗೆ ಬಂದೊಡನೆ ಮನೆಯ ಆಳು ಅವನ ಬೂಟು ಬಿಚ್ಚಿಸಿ ಮೆತ್ತನೆಯ ಪಾದರಕ್ಷೆ ಕೊಡುತ್ತಾನೆ. ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಬರುವ ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹೆಜ್ಜೆಯ ಸದ್ದನ್ನೂ ತಾಳಲಾರದಷ್ಟು ರಾಡ್ರಿಕ್‌ನ ಇಂದ್ರಿಯಗಳು ಸೂಕ್ಷ್ಮವಾಗಿವೆ ಎಂಬುದು ಆಮೇಲೆ ತಿಳಿಯುತ್ತದೆ. ಅಲ್ಲಿಂದ ಮುಂದೆ ಬಾಗಿಲು ಕಿರ್ರೆಂದರೂ ನಮ್ಮ ಕಿವಿ ನಿಮಿರುತ್ತದೆ. ಪೋ ಒಂದು ಪರಿಚ್ಛೇದದಲ್ಲಿ ವಿವರಿಸಿದ ಕಾಯಿಲೆಯನ್ನು ಚಿತ್ರ ನೋಡುವವರ ಕಿವಿಗೇ ಅಂಟಿಸಿತು. ತನ್ನ ಮೀಸೆ ಬೋಳಿಸಿ, ಕೂದಲನ್ನು ಬಿಳಿಯಾಗಿಸಿಕೊಂಡ ವಿನ್ಸೆಂಟ್ ಪ್ರೈಸ್ ಈ ಪಾತ್ರವನ್ನು ಬಹುಮಟ್ಟಿಗೆ ಪಿಸುಮಾತಿನಲ್ಲೇ ನಿಭಾಯಿಸಿದ್ದಾನೆ.

ಹಣದ ವಿಷಯವನ್ನೂ ಹೇಳಬೇಕು. ನಿರ್ಮಾಣ ಸಂಸ್ಥೆಯಾದ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಆವರೆಗೆ ಅಗ್ಗದ ಎರಡು ಕಪ್ಪುಬಿಳುಪು ಚಿತ್ರಗಳನ್ನು ಜೋಡಿಯಾಗಿ ಮಾರುತ್ತಿತ್ತು. ಆ ಎರಡರ ಬದಲು ಬಣ್ಣದಲ್ಲಿ, ಅಗಲ ಪರದೆಗೆ ಒಂದೇ ಚಿತ್ರ ಮಾಡೋಣವೆಂದು ಕಾರ್ಮನ್ ಒಪ್ಪಿಸಿದ. ಇದರಲ್ಲಿ ರಾಕ್ಷಸ ಎಲ್ಲಿದ್ದಾನೆ ಎಂದು ಸಂಸ್ಥೆಯವರು ಕೇಳಿದಾಗ, ಮನೆಯೇ ರಾಕ್ಷಸ ಎಂದು ಉತ್ತರಿಸಿದ್ದಾಗಿ ಅವನು ಮುಂದೆ ಹಲವು ಸಲ ಹೇಳಿಕೊಂಡಿದ್ದಾನೆ. ವ್ಯಾಪಾರಕ್ಕಾಗಿ ಆಡಿದ ಮಾತಿರಬಹುದು, ಆದರೆ ಚಿತ್ರದ ತಿರುಳು ಅದರಲ್ಲಿದೆ. ಚಿತ್ರೀಕರಣ ನಡೆದದ್ದು 15 ದಿನ. ಹಾಲಿವುಡ್ ಬೆಟ್ಟಗಳಲ್ಲಿ ಕಾಡ್ಗಿಚ್ಚು ಬಿದ್ದ ಸುದ್ದಿ ಕೇಳಿ, ಸುಟ್ಟು ಕರಕಲಾದ ಆ ನೆಲಕ್ಕೆ ನಟನನ್ನು ಕುದುರೆಯ ಸಮೇತ ಕರೆದೊಯ್ದು ಮೊದಲ ದೃಶ್ಯವನ್ನು ತೆಗೆದರು. ಕೊನೆಯ ಬೆಂಕಿಗೆ ಕೆಡವಲಿದ್ದ ಹಳೆಯ ಕಣಜದ ಮನೆಯೊಂದನ್ನು ರಾತ್ರಿಯಲ್ಲಿ ಸುಟ್ಟರು. ಆ ಉರಿಯುವ ತೊಲೆಗಳು ಕಾರ್ಮನ್‌ನ ಮುಂದಿನ ಚಿತ್ರಗಳಲ್ಲೂ ಮತ್ತೆ ಮತ್ತೆ ಬೀಳುತ್ತವೆ. ಒಮ್ಮೆ ಗುರುತು ಹಿಡಿದರೆ ಆಮೇಲೆ ಹೆದರುವುದು ಕಷ್ಟ, ನಗುವೇ ಬರುತ್ತದೆ.

1964ರ ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’ ಚಿತ್ರದಲ್ಲಿ ಕಾರ್ಮನ್ ಬೇರೊಂದು ದಾರಿ ಹಿಡಿದ. ಕಥೆ ಇನ್ನೂ ಚಿಕ್ಕದಾದ್ದರಿಂದ ಪೋ ಬರೆದ ಮತ್ತೊಂದು ಕಥೆಯನ್ನೇ, ತನ್ನನ್ನು ಅವಮಾನಿಸಿದವರನ್ನು ಸುಟ್ಟು ಸೇಡು ತೀರಿಸಿಕೊಳ್ಳುವ ಕುಳ್ಳ ವಿದೂಷಕನ ಕಥೆಯನ್ನು, ಅದರೊಳಗೆ ಹೆಣೆಯಲಾಯಿತು. ಹೊರಗಿನ ತೇಪೆಗಿಂತ ಅದೇ ಥಾನಿನ ಬಟ್ಟೆ ಮೇಲು.

ಪ್ರಶ್ನೆ: ‘ಗೋಥಿಕ್’ ಎಂದರೆ ಹಳೆಯ ಕಾಲದ ದೆವ್ವದ ಚಿತ್ರ ಎಂದಷ್ಟೇ ಅರ್ಥವೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಅಲ್ಲ, ಅದು ಮೊದಲು ಕಟ್ಟಡದ ಮಾತು. ನಿಮ್ಮೂರಿನ ಸೇಂಟ್ ಫಿಲೋಮಿನಾ ಚರ್ಚಿನ ಚೂಪು ಕಮಾನುಗಳನ್ನೂ ಮೊನಚಾದ ಗೋಪುರಗಳನ್ನೂ ನೋಡಿದ್ದರೆ ಆ ಶೈಲಿಯ ಅನುಕರಣೆಯನ್ನು ಕಂಡಂತೆಯೇ. ಹೊರೇಸ್ ವಾಲ್ಪೋಲ್ 1764ರಲ್ಲಿ ಬರೆದ ಕೋಟೆಯೊಂದರ ಕಥೆಯ ಎರಡನೆಯ ಮುದ್ರಣಕ್ಕೆ ‘ಗೋಥಿಕ್ ಕಥೆ’ ಎಂಬ ಉಪಶೀರ್ಷಿಕೆ ಕೊಟ್ಟ ಮೇಲೆ ಪದ ಸಾಹಿತ್ಯಕ್ಕೆ ಬಂತು. ದೆವ್ವ ಇದ್ದರೂ ಇಲ್ಲದಿದ್ದರೂ ಗೋಥಿಕ್ ಆಗಬಹುದು. ಹಿಂದಿನವರು ಮಾಡಿದ ತಪ್ಪು ಗೋಡೆಗಳೊಳಗೆ ಉಳಿದುಕೊಂಡಿದೆ, ಈಗಿನವರು ಅದನ್ನು ತೀರಿಸಬೇಕಾಗಿದೆ ಎಂಬ ಭಾವವಿಲ್ಲದಿದ್ದರೆ ಮಾತ್ರ ಆಗಲಾರದು.

ಪ್ರಶ್ನೆ: ‘ನೈಟ್ ಆಫ್ ದಿ ಡೀಮನ್’ ಚಿತ್ರವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆರಂಭದಲ್ಲೇ ಪಿಶಾಚಿಯನ್ನು ಇಡಿಯಾಗಿ ತೋರಿಸಿಬಿಟ್ಟಿದ್ದಾರೆ. ಕಾಣದ್ದೇ ಹೆಚ್ಚು ಹೆದರಿಸುತ್ತದೆ ಎನ್ನುವುದು ನಿಜವಾದರೆ ಇದು ದೋಷವಲ್ಲವೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ದೋಷವೇ, ಆದರೆ ನಿರ್ದೇಶಕನದಲ್ಲ. 1957ರ ಈ ಚಿತ್ರವನ್ನು ನಿರ್ದೇಶಿಸಿದ ಜಾಕ್ ಟೂರ್ನರ್ ನೆರಳು ಮತ್ತು ಸದ್ದಿನಿಂದಲೇ ಹೆದರಿಸುವುದರಲ್ಲಿ ಪಳಗಿದವನು. 1942ರ ‘ಕ್ಯಾಟ್ ಪೀಪಲ್’ ಚಿತ್ರದ ಈಜುಕೊಳದ ದೃಶ್ಯದಲ್ಲಿ ಗೋಡೆಯ ಮೇಲೆ ಅಲುಗಾಡುವ ನೀರಿನ ಬೆಳಕು, ನೆರಳು ಮತ್ತು ಒಂದು ಗುರುಗುಟ್ಟುವಿಕೆ, ಇಷ್ಟರಿಂದಲೇ ಅವನು ಕೆಲಸ ಸಾಧಿಸಿದ್ದ. ಇಲ್ಲಿ ಪಿಶಾಚಿಯನ್ನು ಹೀಗೆ ಕಣ್ಣೆದುರು ನಿಲ್ಲಿಸಿದ್ದು ನಿರ್ಮಾಪಕ ಹಾಲ್ ಚೆಸ್ಟರ್. ಟೂರ್ನರ್ ಅದನ್ನು ಒಪ್ಪಿರಲಿಲ್ಲ, ಚಿತ್ರಕಥೆಗಾರ ಚಾರ್ಲ್ಸ್ ಬೆನೆಟ್‌ನ ಅಸಮಾಧಾನವೂ ಕಡಿಮೆಯದಲ್ಲ.

ಇದರಿಂದಾದ ನಷ್ಟವನ್ನು ನಾನು ಹೀಗೆ ಲೆಕ್ಕ ಹಾಕುತ್ತೇನೆ. ನಾಯಕ ಹೋಲ್ಡನ್ ಇಂತಹವನ್ನು ನಂಬದ ವಿಜ್ಞಾನಿ. ಅವನ ನಂಬಿಕೆಯ ಬುಡ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುವುದೇ ಚಿತ್ರದ ನಡಿಗೆ. ನಾವು ಮೊದಲೇ ಪಿಶಾಚಿಯನ್ನು ನೋಡಿಬಿಟ್ಟಿರುವುದರಿಂದ ಅವನ ಅನುಮಾನದಲ್ಲಿ ನಮಗೆ ಪಾಲು ಸಿಗುವುದಿಲ್ಲ. ‘ಇವನಿಗೆ ಯಾವಾಗ ಬುದ್ಧಿ ಬರುತ್ತದೋ’ ಎಂದು ಕಾಯುತ್ತ ಕೂರುತ್ತೇವೆ.

ಹಾಗಿದ್ದೂ ಚಿತ್ರ ಉಳಿದುಕೊಂಡಿದ್ದರೆ ಅದಕ್ಕೆ ಒಂದು ಕಾಗದದ ಚೂರು ಕಾರಣ. ಮೂಲಕಥೆಯನ್ನು ಬರೆದ ಎಂ. ಆರ್. ಜೇಮ್ಸ್ ಕೇಂಬ್ರಿಜ್‌ನ ವಿದ್ವಾಂಸ, ಹಳೆಯ ಹಸ್ತಪ್ರತಿಗಳ ಪಂಡಿತ. ಅವನ ಕಥೆಗಳಲ್ಲಿ ಕೇಡು ಬರುವುದೂ ಬಹಳಷ್ಟು ಸಲ ಕಾಗದ, ಪುಸ್ತಕಗಳ ಮೂಲಕವೇ. ಪುರಾತನ ಲಿಪಿಯ ಮಂತ್ರಾಕ್ಷರ ಬರೆದ ಚೀಟಿಯನ್ನು ಕಾರ್ಸ್‌ವೆಲ್ ಎಂಬ ಮಾಂತ್ರಿಕ ತನಗಾಗದವರಿಗೆ ಗೊತ್ತಾಗದಂತೆ ದಾಟಿಸುತ್ತಾನೆ. ಅವಧಿ ಮುಗಿಯುವುದರೊಳಗೆ ಅದನ್ನು ಅವನಿಗೇ ಹಿಂದಿರುಗಿಸಿದರೆ ಉಂಟು, ಇಲ್ಲದಿದ್ದರೆ ಸಾವು. ಹಿಂದೊಮ್ಮೆ ಹಾಗೆ ಚೀಟಿ ಪಡೆದವನೊಬ್ಬನ ಕೈಯಿಂದ ಅದು ಗಾಳಿಗೆ ಹಾರಿ ಒಲೆಗೆ ಬಿದ್ದು ಸುಟ್ಟುಹೋಯಿತು ಎಂದು ಕಥೆಯಲ್ಲಿ ಒಂದೆರಡು ವಾಕ್ಯ ಬರುತ್ತದೆ, ಅಷ್ಟೆ. ಚಿತ್ರ ಆ ವಾಕ್ಯವನ್ನು ಹಿಡಿದುಕೊಂಡು ಒಂದು ದೃಶ್ಯವನ್ನೇ ಕಟ್ಟಿದೆ. ಚೀಟಿ ಜೀವವಿರುವಂತೆ ಬೆಂಕಿಯ ಕಡೆಗೆ ಹಾರಿ, ಬೆಂಕಿಗೂಡಿನ ಮುಂದಿನ ಜಾಲರಿಗೆ ಅಂಟಿಕೊಂಡು ಒಳಗೆ ನುಗ್ಗಲು ಪಟಪಟನೆ ಒದ್ದಾಡುತ್ತದೆ. ಕೊನೆಯಲ್ಲಿ ಅದೇ ಚೀಟಿ ರೈಲು ಹಳಿಗಳ ಮೇಲೆ ತೇಲಿ ಹೋಗುವಾಗ ಮಾಂತ್ರಿಕ ಅದರ ಹಿಂದೆ ಓಡುತ್ತಾನೆ. ಒಂದು ಚೂರು ಕಾಗದ ಮಾಡಿದ್ದನ್ನು ಅಷ್ಟು ಎತ್ತರದ ಪಿಶಾಚಿ ಮಾಡಲಾಗಲಿಲ್ಲ. ಆದರೂ ಕೊನೆಗೆ ಎಂಜಿನ್ನಿನ ಹಬೆಯ ನಡುವೆ ಅದು ಮತ್ತೆ ಕಾಣಿಸಿಕೊಂಡಾಗ ನನಗೆ ಅಷ್ಟು ಬೇಸರವಾಗಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಆ ಹೊತ್ತಿಗೆ ಅನುಮಾನದ ಅಗತ್ಯ ಮುಗಿದಿರುತ್ತದೆ.

ಹಗಲಿನಲ್ಲಿ, ಇಡಿಯಾಗಿ ತೋರಿಸಿಯೂ ಹೆದರಿಸಬಹುದು ಎನ್ನುವುದಕ್ಕೆ ಹೆನ್ರಿ ಜೇಮ್ಸ್‌ನ ನೀಳ್ಗತೆಯನ್ನು ಆಧರಿಸಿದ 1961ರ ‘ದಿ ಇನ್ನೊಸೆಂಟ್ಸ್’ ನೋಡಿ. ಕೆರೆಯ ಆಚೆ, ಜೊಂಡಿನ ನಡುವೆ, ಕಪ್ಪು ಉಡುಪಿನ ಹೆಂಗಸೊಬ್ಬಳು ಸುಮ್ಮನೆ ನಿಂತಿದ್ದಾಳೆ. ಅವಳು ಏನನ್ನೂ ಮಾಡುವುದಿಲ್ಲ.

ಪ್ರಶ್ನೆ: ಇಂತಹ ಚಿತ್ರಗಳು ನಮ್ಮ ದೇಶದಲ್ಲಿ ಸಣ್ಣಕಥೆಗಳಿಂದ ಹುಟ್ಟಿದ್ದುಂಟೇ?
– ಓದುಗರೊಬ್ಬರು, ಕುಮಟಾ

ಉತ್ತರ: ಉಂಟು, ಅದೂ ಕಾರ್ಮನ್‌ನ ಚಿತ್ರಗಳು ಬರುತ್ತಿದ್ದ ವರ್ಷಗಳಲ್ಲೇ. ರವೀಂದ್ರನಾಥ ಠಾಕೂರರ ಕಥೆಯನ್ನು ಆಧರಿಸಿ ತಪನ್ ಸಿನ್ಹಾ ಬಂಗಾಳಿಯಲ್ಲಿ 1960ರಲ್ಲಿ ‘ಕ್ಷುಧಿತ ಪಾಷಾಣ’ ಮಾಡಿದರು. ಮರುವರ್ಷ ಸತ್ಯಜಿತ್ ರಾಯ್ ಅವರ ‘ತೀನ್ ಕನ್ಯಾ’ದ ಮೂರು ಭಾಗಗಳಲ್ಲಿ ಒಂದಾಗಿ ‘ಮಣಿಹಾರಾ’ ಬಂತು. ಮೊದಲನೆಯದರಲ್ಲಿ ಹಾಳು ಅರಮನೆಯೊಂದು ತನ್ನಲ್ಲಿ ತಂಗಿದ ತೆರಿಗೆ ಅಧಿಕಾರಿಯನ್ನು ರಾತ್ರಿಯಿಂದ ರಾತ್ರಿಗೆ ನುಂಗತೊಡಗುತ್ತದೆ. ತೀರದ ಆಸೆಗಳಿಂದ ಅಲ್ಲಿನ ಕಲ್ಲಿಗೇ ಹಸಿವು ಹತ್ತಿದೆ. ಅಷರ್ ಮನೆಗೆ ಇದಕ್ಕಿಂತ ಹತ್ತಿರದ ನೆಂಟ ಸಿಗಲಾರ.

ಆ ಅರಮನೆಗೆ ಪ್ರೇರಣೆ ಅಹಮದಾಬಾದಿನ ಶಾಹಿಬಾಗ್‌ನಲ್ಲಿದೆ. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ವಿಶಾಲವಾದ ನಿವಾಸದಲ್ಲಿ 1878ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ರವೀಂದ್ರರು ಕೆಲವು ತಿಂಗಳು ಕಳೆದರು. ಅದೇ ಅಣ್ಣ ಮುಂದೆ ನಿಮ್ಮ ಕಾರವಾರಕ್ಕೆ ಜಿಲ್ಲಾ ನ್ಯಾಯಾಧೀಶರಾಗಿ ಬಂದಾಗ ರವೀಂದ್ರರು ಅಲ್ಲಿಗೂ ಬಂದು ನಾಟಕವೊಂದನ್ನು ಬರೆದರು. ಅಹಮದಾಬಾದ್ ಅವರಿಗೆ ಭೂತವನ್ನು ಕೊಟ್ಟಿತು, ಕಾರವಾರ ಕಡಲನ್ನು ಕೊಟ್ಟಿತು.

‘ಮಣಿಹಾರಾ’ ಒಡವೆಯ ಹುಚ್ಚಿನ ಹೆಂಡತಿಯ ಕಥೆ. ಕಥೆಯಲ್ಲಿ ಊರಿನ ಶಾಲಾಮಾಸ್ತರರು ನದಿಯ ಘಟ್ಟದಲ್ಲಿ ಕುಳಿತ ಅಪರಿಚಿತನೊಬ್ಬನಿಗೆ ಫಣಿಭೂಷಣನೆಂಬ ಧನಿಕನ ದುರಂತವನ್ನು ರಸವತ್ತಾಗಿ ಹೇಳುತ್ತಾರೆ. ಎಲ್ಲವನ್ನೂ ಕೇಳಿದ ಮೇಲೆ ಆತ, ಫಣಿಭೂಷಣ ನಾನೇ, ನನ್ನ ಹೆಂಡತಿಯ ಹೆಸರು ನೃತ್ಯಕಾಳಿ ಎನ್ನುತ್ತಾನೆ. ಮಾಸ್ತರರು ಹೇಳಿದ ಹೆಸರು ಅದಾಗಿರಲಿಲ್ಲ! ಅಷ್ಟು ಹೊತ್ತು ಹೆದರಿದ ಓದುಗ ಪೆಚ್ಚಾಗಿ ನಗುತ್ತಾನೆ. ರಾಯ್ ಈ ಕೊಂಕು ನಗೆಯನ್ನು ಬಿಟ್ಟು, ಶಾಲು ಹೊದ್ದ ಕೇಳುಗನನ್ನೇ ಪ್ರೇತವಾಗಿಸಿ ಮಾಯ ಮಾಡಿದರು. ಪರದೆಯ ಮೇಲೆ ಅದು ಪರಿಣಾಮಕಾರಿ ಎನ್ನುವುದು ನಿಜ; ನನ್ನ ಮನಸ್ಸು ಮಾತ್ರ ನೃತ್ಯಕಾಳಿಯ ಕಡೆಗೇ ವಾಲುತ್ತದೆ.

ಪ್ರಶ್ನೆ: ಕಥೆಯನ್ನು ಮೊದಲು ಓದಬೇಕೇ, ಚಿತ್ರವನ್ನು ಮೊದಲು ನೋಡಬೇಕೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎಂ. ಆರ್. ಜೇಮ್ಸ್‌ನ ಕಥೆಗಳಿಗೆ ಚಿತ್ರದ ನಂತರ ಬನ್ನಿ, ಇಲ್ಲದಿದ್ದರೆ ಚಿತ್ರವನ್ನು ಕ್ಷಮಿಸುವುದು ಕಷ್ಟವಾದೀತು. ರವೀಂದ್ರರನ್ನು ಮೊದಲು ಓದಿ. ಪೋ ಬರೆದ ‘ದಿ ಪಿಟ್ ಅಂಡ್ ದಿ ಪೆಂಡುಲಂ’ ಕಥೆಯನ್ನಂತೂ ಮೊದಲೇ ಓದಿಕೊಳ್ಳಿ. ಕತ್ತಲ ಕೋಣೆ, ಆಳವಾದ ಬಾವಿ, ತೂಗುತ್ತ ಕೆಳಗಿಳಿಯುವ ಕತ್ತಿ, ಒಬ್ಬನೇ ಕೈದಿ, ಕೊನೆಯ ಕ್ಷಣದಲ್ಲಿ ಅವನ ತೋಳು ಹಿಡಿದೆಳೆಯುವ ಸೈನ್ಯಾಧಿಕಾರಿ; ಅಷ್ಟೇ ಇರುವುದು. 1961ರಲ್ಲಿ ಕಾರ್ಮನ್ ಮತ್ತು ಮ್ಯಾಥಿಸನ್ ಇದನ್ನು ಚಿತ್ರದ ಕೊನೆಗೆ ಇಟ್ಟುಕೊಂಡು, ಅದಕ್ಕೆ ಮುಂಚಿನದೆಲ್ಲವನ್ನೂ ತಾವೇ ಕಟ್ಟಿದರು. ಕಥೆ ಓದಿದವರು ಕತ್ತಿಗಾಗಿ ಕಾಯುತ್ತಾರೆ, ಕತ್ತಿ ಬರುತ್ತದೆ, ಕೈದಿ ಪಾರಾಗುತ್ತಾನೆ, ಇನ್ನೇನು ಮುಗಿಯಿತು ಎಂದುಕೊಳ್ಳುತ್ತಾರೆ. ಈ ಕೋಣೆಗೆ ಇನ್ನು ಯಾರೂ ಕಾಲಿಡುವುದಿಲ್ಲ ಎಂದು ಹೇಳಿ ಎಲ್ಲರೂ ಮೆಟ್ಟಿಲು ಹತ್ತುತ್ತಾರೆ, ಬಾಗಿಲು ಮುಚ್ಚುತ್ತದೆ. ಕ್ಯಾಮೆರಾ ಗಕ್ಕನೆ ಪಕ್ಕಕ್ಕೆ ಹೊರಳಿದಾಗ ಮೂಲೆಯ ಕಬ್ಬಿಣದ ಪೆಟ್ಟಿಗೆಯ ಕಿಂಡಿಯಲ್ಲಿ ಎರಡು ಕಣ್ಣುಗಳು ಅಗಲವಾಗಿ ತೆರೆದುಕೊಂಡಿರುತ್ತವೆ, ಒಳಗೊಬ್ಬ ಹೆಂಗಸಿದ್ದಾಳೆಂಬುದು ಹೋದವರಿಗೆ ಯಾರಿಗೂ ತಿಳಿದಿಲ್ಲ.