ಬಿಸಿನೀರಿನ ಕಾವು ಇಳಿಸಿದರೆ ಕರೆಂಟ್ ಬಿಲ್ ಇಳಿದೀತೇ?

ಪ್ರಶ್ನೆ: ಬೀದರ್‌ನಲ್ಲಿ 120 ವಿದ್ಯಾರ್ಥಿಗಳ ಹಾಸ್ಟೆಲ್ ನೋಡಿಕೊಳ್ಳುತ್ತೇನೆ. ಮೂರು ಬ್ಲಾಕ್‌ಗಳಿಗೂ ಒಂದೇ ಕಡೆಯಿಂದ ಬಿಸಿನೀರು. ಸೋಲಾರ್, ಜೊತೆಗೆ ಹೊರಗಾಳಿಯ ಶಾಖ ಎಳೆದು ನೀರು ಕಾಯಿಸುವ ಹೀಟ್ ಪಂಪ್, 1500 ಲೀಟರ್ ಟ್ಯಾಂಕ್ ಇವೆ. ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಹೋಗಿಬರುವ ದೂರ ಸೇರಿ 160 ಮೀಟರ್. ಬೇರೊಂದು ಪಂಪು ಹಗಲೂ ರಾತ್ರಿ ಪೈಪಿನಲ್ಲಿ ನೀರು ಸುತ್ತಿಸುತ್ತಿರುತ್ತದೆ. ಈಗ 65 ಡಿಗ್ರಿಗೆ ಇಟ್ಟಿದ್ದೇವೆ. ಡೆನ್ಮಾರ್ಕ್‌ನಲ್ಲಿ ಇಡೀ ಬಡಾವಣೆಗೆ 50–60 ಡಿಗ್ರಿ ನೀರು ಹರಿಸಿ ಶಕ್ತಿ ಉಳಿಸುತ್ತಾರೆ ಎಂದು ಓದಿದೆ. ನಾವೂ 50ಕ್ಕೆ ಇಳಿಸಬಹುದೇ? ಕೊನೆಯ ಬ್ಲಾಕ್‌ಗೆ ಬಿಸಿನೀರೇ ಬರುವುದಿಲ್ಲ ಎಂಬ ದೂರೂ ಇದೆ.

ಉತ್ತರ: ಕಾವು ಇಳಿಸುವ ಮೊದಲು ನಿಮ್ಮ ಪೈಪಿನ ಲೆಕ್ಕ ನೋಡೋಣ. ಒಂದು ಲೀಟರ್ ನೀರಿನ ಕಾವು ಒಂದು ಡಿಗ್ರಿ ಏರಲು 1.16 ವ್ಯಾಟ್-ಗಂಟೆ ಬೇಕು (1000 ವ್ಯಾಟ್-ಗಂಟೆ ಎಂದರೆ ಒಂದು ಯೂನಿಟ್). ಚಳಿಗಾಲದಲ್ಲಿ 20 ಡಿಗ್ರಿಯ ನೀರನ್ನು 40ಕ್ಕೆ ತಂದು, ತಲೆಗೆ 20 ಲೀಟರಿನ ಒಂದು ಬಕೆಟ್ ಕೊಟ್ಟರೆ 120 ಜನರಿಗೆ ದಿನಕ್ಕೆ 56 ಯೂನಿಟ್ ಶಾಖ ಸಾಕು. ಆದರೆ ಕವಚವಿಲ್ಲದ ಒಂದಿಂಚಿನ ಪೈಪಿನಲ್ಲಿ 65 ಡಿಗ್ರಿ ನೀರು ಹರಿಯುತ್ತಿದ್ದರೆ ಪ್ರತಿ ಮೀಟರಿಗೆ ಸುಮಾರು 50 ವ್ಯಾಟ್ ಗಾಳಿಗೆ ಹೋಗುತ್ತದೆ. 160 ಮೀಟರಿಗೆ 8 ಕಿಲೋವ್ಯಾಟ್, 24 ಗಂಟೆಗೆ 192 ಯೂನಿಟ್. ಹುಡುಗರ ಮೈಮೇಲೆ ಬೀಳುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಶಾಖ ಗೋಡೆ ಕಾಯಿಸಲು ಹೋಗುತ್ತಿದೆ! ಇದು ಶಾಖದ ಲೆಕ್ಕ. ಹೀಟ್ ಪಂಪ್ ಅದರ ಮೂರನೇ ಒಂದು ಭಾಗದಷ್ಟು ಕರೆಂಟ್ ತಿಂದರೂ ದಿನಕ್ಕೆ 60 ಯೂನಿಟ್ ಆಯಿತು.

ಕಾವನ್ನಷ್ಟೇ 50ಕ್ಕೆ ಇಳಿಸಿದರೆ ಈ ಸೋರಿಕೆ ಮೂರನೇ ಒಂದರಷ್ಟು ತಗ್ಗುತ್ತದೆ. ಬದಲಿಗೆ ಪೈಪಿಗೆ 25 ಮಿಲಿಮೀಟರ್ ದಪ್ಪದ ಕಪ್ಪು ರಬ್ಬರ್ ಫೋಮ್ ತೊಡಿಸಿ, ಟ್ಯಾಂಕನ್ನು 60ಕ್ಕೆ ಇಟ್ಟು, ನೀರು ಸುತ್ತಿಸುವ ಪಂಪನ್ನು ಟೈಮರ್ ಮೇಲೆ ಬೆಳಿಗ್ಗೆ ಮೂರು ತಾಸು, ಸಂಜೆ ಮೂರು ತಾಸು ಮಾತ್ರ ಓಡಿಸಿ. ನಡುವೆ ಪೈಪು ಆರಿ ಮತ್ತೆ ಕಾಯುವುದನ್ನು ಸೇರಿಸಿದರೂ ನಷ್ಟ 20 ಯೂನಿಟ್ ಆಸುಪಾಸಿಗೆ ಬರುತ್ತದೆ. ಬಿಸಿಲಿಗೆ ಬೀಳುವ ಕಡೆ ಫೋಮ್ ಮೇಲೆ ಅಲ್ಯುಮಿನಿಯಂ ತಗಡು ಸುತ್ತಿಸಿ. ನಮ್ಮ ಕಡೆಯ ಬೇಸಿಗೆಗೆ ಬರಿ ರಬ್ಬರ್ ಬಿರಿದು ಪುಡಿಯಾಗುತ್ತದೆ. ವಾಲ್ವ್, ಎಲ್ಬೋಗಳನ್ನು ಬರಿದೇ ಬಿಡುವುದು ಪ್ಲಂಬರ್‌ಗಳ ರೂಢಿ, ಅದಕ್ಕೆ ಒಪ್ಪಬೇಡಿ.

50 ಡಿಗ್ರಿ ಬೇಡ ಎನ್ನಲು ಎರಡು ಕಾರಣ. 50ರ ನೀರಿಗೆ ಕಡಿಮೆ ತಣ್ಣೀರು ಬೆರೆಸಬೇಕಾದ್ದರಿಂದ 120 ಬಕೆಟ್‌ಗೆ 1600 ಲೀಟರ್ ಬಿಸಿನೀರು ಬೇಕು. ನಿಮ್ಮ ಟ್ಯಾಂಕ್ ಸಾಲದು, ಕೊನೆಗೆ ಬಂದವರಿಗೆ ತಣ್ಣೀರೇ ಗತಿ. 60ರಲ್ಲಾದರೆ 1200 ಲೀಟರ್ ಸಾಕು. ಎರಡನೆಯದು ಆರೋಗ್ಯದ ಮಾತು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. ಶವರ್‌ನ ಸಣ್ಣ ಹನಿಗಳ ಮೂಲಕ ಶ್ವಾಸಕೋಶ ಸೇರಿ ನ್ಯುಮೋನಿಯಾ ತರುತ್ತದೆ. 60 ಡಿಗ್ರಿಯಲ್ಲಿ ನಿಮಿಷಗಳಲ್ಲಿ ಸಾಯುತ್ತದೆ. ಡೆನ್ಮಾರ್ಕ್‌ನ ಹೊಸ ವ್ಯವಸ್ಥೆಗಳಲ್ಲಿ ಬೀದಿಯ ಪೈಪಿನ ನೀರು ನಲ್ಲಿಗೆ ಬರುವುದೇ ಇಲ್ಲ. ಮನೆಯೊಳಗಿನ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ಗೆ (ಎರಡು ನೀರು ಬೆರೆಯದಂತೆ ಲೋಹದ ತಗಡುಗಳ ಮೂಲಕ ಶಾಖ ದಾಟಿಸುವ ಸಾಧನ) ತನ್ನ ಶಾಖ ಕೊಟ್ಟು 25–30 ಡಿಗ್ರಿಗೆ ತಣಿದು ಹಿಂದಿರುಗುತ್ತದೆ. ಸ್ನಾನದ ನೀರು ಆ ಕ್ಷಣಕ್ಕೆ ಕಾಯುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಅದಕ್ಕೇ ಅವರಿಗೆ 50 ನಡೆಯುತ್ತದೆ. ನಿಮ್ಮಲ್ಲಿ ಸ್ನಾನದ ನೀರೇ ಟ್ಯಾಂಕಿನಲ್ಲಿ ನಿಂತಿರುತ್ತದೆ. ಟೈಮರ್ ಹಾಕಿದ ಮೇಲೆ ಪೈಪಿನಲ್ಲೂ ನಿಲ್ಲುವುದರಿಂದ ವಾರಕ್ಕೊಮ್ಮೆ, ಯಾರೂ ಸ್ನಾನಕ್ಕೆ ಇಳಿಯದ ಹೊತ್ತಿನಲ್ಲಿ, ಪ್ರತಿ ನಲ್ಲಿಯಲ್ಲೂ 60 ಡಿಗ್ರಿ ನೀರು ಐದು ನಿಮಿಷ ಬಿಡಿ. ಈ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ, ಜೋಪಾನ.

ಹೀಟ್ ಪಂಪ್ ಓಡಿಸುವ ಹೊತ್ತೂ ಮುಖ್ಯ. ಜನವರಿಯ ನಸುಕಿನ ಚಳಿಗಾಳಿಯಿಂದ ಶಾಖ ಎಳೆಯಲು ಅದು ಹೆಚ್ಚು ಕರೆಂಟ್ ತಿನ್ನುತ್ತದೆ. ಸೋಲಾರ್ ತನ್ನ ಪಾಲು ಮುಗಿಸಿದ ಮೇಲೆ, ಮಧ್ಯಾಹ್ನ 3ರಿಂದ 6ರೊಳಗೆ ಓಡಿಸಿ. 65ರಿಂದ 60ಕ್ಕೆ ಇಳಿಸಿದ್ದರ ಲಾಭವೂ ಇಲ್ಲೇ: ಡಿಗ್ರಿಗೆ ಶೇ 2ರ ಲೆಕ್ಕದಲ್ಲಿ ಶೇ 10ರಷ್ಟು ಉಳಿತಾಯ.

ಇನ್ನು ಕೊನೆಯ ಬ್ಲಾಕ್. ನೀರು ಹತ್ತಿರದ ದಾರಿ ಹಿಡಿಯುತ್ತದೆ, ಮೊದಲ ಬ್ಲಾಕ್‌ನಿಂದಲೇ ತಿರುಗಿ ಬರುತ್ತದೆ. ಇದಕ್ಕೆ ದೊಡ್ಡ ಪಂಪು ಕೂರಿಸುವುದು ತಪ್ಪು ಮದ್ದು. ಕವಚ ತೊಡಿಸಿದ ಮೇಲೆ ನಿಮಗೆ ಗಂಟೆಗೆ 250 ಲೀಟರ್ ಸುತ್ತಿದರೆ ಸಾಕು. ದೊಡ್ಡ ಪಂಪು ಟ್ಯಾಂಕಿನ ಮೇಲಿನ ಬಿಸಿನೀರನ್ನೂ ತಳದ ತಣ್ಣೀರನ್ನೂ ಕಲಸಿಬಿಡುತ್ತದೆ. ಆಗ ಸೋಲಾರ್ ಪ್ಯಾನೆಲ್‌ಗೆ ಹೋಗುವ ನೀರೇ ಬೆಚ್ಚಗಿದ್ದು ಅದರ ಗಳಿಕೆ ಕುಸಿಯುತ್ತದೆ. ಪ್ರತಿ ಬ್ಲಾಕ್‌ನಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿಗೆ, ಹರಿವು ಹೊಂದಿಸುವ ಒಂದು ಬ್ಯಾಲೆನ್ಸಿಂಗ್ ವಾಲ್ವ್ ಹಾಕಿಸಿ. ಕೊನೆಯದನ್ನು ಪೂರ್ತಿ ತೆರೆದು, ಮೊದಲನೆಯದನ್ನು ಕಾಲು ಸುತ್ತಿನಂತೆ ಮುಚ್ಚುತ್ತಾ ಬನ್ನಿ. ಪ್ರತಿ ಸಲವೂ ಅರ್ಧ ಗಂಟೆ ಕಾದು, ಮೂರೂ ರಿಟರ್ನ್ ಪೈಪುಗಳ ಕಾವು ಅಳೆಯಿರಿ. ಮೂರೂ 55ರ ಹತ್ತಿರ ಬಂದರೆ ಕೆಲಸ ಮುಗಿಯಿತು.

ಪ್ರಶ್ನೆ: ಕಲಬುರಗಿಯಲ್ಲಿ ಎರಡು ಕಟ್ಟಡಗಳ ನಡುವೆ 40 ಮೀಟರ್ ಬಿಸಿನೀರಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪು ನೆಲದೊಳಗೆ ಹಾಕಬೇಕು. ಏನು ಎಚ್ಚರ ವಹಿಸಬೇಕು?

ಉತ್ತರ: ಸಾಧ್ಯವಿದ್ದರೆ ಮೇಲಿನಿಂದಲೇ ಒಯ್ಯಿರಿ. ನಿಮ್ಮ ಎರೆಮಣ್ಣು ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಬಿರುಕು ಬಿಟ್ಟು, ಪೈಪನ್ನು ವರ್ಷಕ್ಕೆರಡು ಸಲ ಎಳೆದಾಡುತ್ತದೆ. ನೆಲದೊಳಗೇ ಆಗಬೇಕೆಂದರೆ ಪೈಪಿನ ಕೆಳಗೆ, ಮೇಲೆ, ಎರಡೂ ಬದಿಗೆ 100 ಮಿಲಿಮೀಟರ್ ಮರಳು ತುಂಬಿಸಿ. ರಬ್ಬರ್ ಫೋಮ್ ಸುತ್ತಿ ಹೂಳಬೇಡಿ, ನೆನೆದ ಕವಚ ಶಾಖ ತಡೆಯುವುದಿಲ್ಲ. ಒಳಪೈಪು, ಪಾಲಿಯುರೆಥೇನ್ ಫೋಮ್, ಹೊರಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಕೊಳವೆ ಹೀಗೆ ಕಾರ್ಖಾನೆಯಲ್ಲೇ ಕೂಡಿಸಿದ್ದು ಸಿಗುತ್ತದೆ. ಅದರಲ್ಲಿ ಕೆಡುವುದು ಬಹುತೇಕ ಜೋಡಣೆಯ ಜಾಗ. ಹೊರಕೊಳವೆಯ ಜೋಡಣೆ ಮುಚ್ಚುವ ಮುನ್ನ ಒಳಪೈಪಿನ ಪ್ರೆಷರ್ ಪರೀಕ್ಷೆ ಮಾಡಿಸಿ. ನೀರು 20ರಿಂದ 60ಕ್ಕೆ ಏರಿದರೆ 40 ಮೀಟರ್ ಸಿಪಿವಿಸಿ ಸುಮಾರು 10 ಸೆಂಟಿಮೀಟರ್ ಹಿಗ್ಗುತ್ತದೆ, ಜಿಐ 2 ಸೆಂಟಿಮೀಟರ್ ಮಾತ್ರ. ಸಿಪಿವಿಸಿಗೆ ಜಾಗ ಬಿಟ್ಟು ಬಾಗು ಕೊಡದಿದ್ದರೆ ಎಲ್ಬೋ ಸೀಳುತ್ತದೆ. ಈ ಮಣ್ಣಿಗೆ ನನ್ನ ಆಯ್ಕೆ ಜಿಐ ಒಳಪೈಪು.

ಪ್ರಶ್ನೆ: ಯಾದಗಿರಿಯಲ್ಲಿ ಬೋರ್‌ವೆಲ್ ನೀರು. ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಸುಣ್ಣ ಕಟ್ಟುತ್ತದೆ, ಆಸಿಡ್ ಹಾಕಬಹುದೇ?

ಉತ್ತರ: ಕಕ್ಕಸು ತೊಳೆಯುವ ಆಸಿಡ್ ಖಂಡಿತ ಬೇಡ, ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿಗೆ ತೂತು ಕೊರೆಯುತ್ತದೆ. ಕಿರಾಣಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಲೀಟರಿಗೆ 50 ಗ್ರಾಂ ಕರಗಿಸಿ, ಎಕ್ಸ್‌ಚೇಂಜರ್‌ನ ಎರಡೂ ವಾಲ್ವ್ ಮುಚ್ಚಿ, ಸಣ್ಣ ಪಂಪಿನಿಂದ ಬೆಚ್ಚಗೆ ಎರಡು ಗಂಟೆ ಸುತ್ತಿಸಿ. ಗುಳ್ಳೆ ಏಳುವುದು ನಿಂತ ಮೇಲೆ ಪಿಎಚ್ ಕಾಗದದಿಂದ ನೋಡಿ. ಇನ್ನೂ ಹುಳಿಯಿದ್ದರೆ ಸುಣ್ಣ ಮುಗಿದಿದೆ. ಹುಳಿಯೇ ಇಲ್ಲದಿದ್ದರೆ ಆಸಿಡ್ ಮುಗಿದಿದೆ, ಹೊಸದು ಹಾಕಿ. ಈ ನೀರು ಜಿಐ ಪೈಪಿಗೆ ಹೋಗಬಾರದು, ಸತುವಿನ ಲೇಪ ತಿನ್ನುತ್ತದೆ. 60 ಡಿಗ್ರಿ ದಾಟಿದರೆ ಸುಣ್ಣ ಬೇಗ ಕಟ್ಟುವುದರಿಂದ ಥರ್ಮೋಸ್ಟಾಟ್ ಅದಕ್ಕಿಂತ ಮೇಲಿದ್ದರೆ ಇಂದೇ ಇಳಿಸಿ.