ಮರಕ್ಕೆ ತಡಿ ಹೊಲಿಯುವ ಮುಂಚೆ

ಪ್ರಶ್ನೆ: ಮೂಲ ಹಾಸನ, ಈಗ ಮಿಷಿಗನ್. ಎರಡು ವರ್ಷದಿಂದ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಿದ್ದೇನೆ. ಮರಕ್ಕೆ ಬಿಗಿದು ಕೂರುವ ಲೋಹದ ಸ್ಟ್ಯಾಂಡ್ ಹೊತ್ತು ಬೆನ್ನು ಹೋಗಿದೆ. ಹಗುರವಾದ ಟ್ರೀ ಸ್ಯಾಡಲ್ ಮನೆಯಲ್ಲೇ ಹೊಲಿಯಬಹುದಂತೆ. ನೀವು ಹೊಲಿದಿದ್ದೀರಿ ಅಂತ ಕೇಳಿದೆ. ಹೇಗೆ? ಹೆದರಿಕೆ ಆಗಲ್ವಾ?

ಉತ್ತರ: ಆಗುತ್ತದೆ. ಹೆದರಿದ್ದಕ್ಕೇ ನನ್ನ ಎರಡನೇ ಸ್ಯಾಡಲ್ ಮೊದಲನೆಯದಕ್ಕಿಂತ ಚೆನ್ನಾಗಿ ಬಂತು.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಇದು ಕುದುರೆಯ ತಡಿಯಲ್ಲ. ಸೊಂಟದ ಕೆಳಗೆ ಹಿಂಭಾಗವನ್ನು ತಬ್ಬಿಕೊಳ್ಳುವ ಅಗಲವಾದ ಬಟ್ಟೆ. ಅದರ ಎರಡು ತುದಿಗೂ ಒಂದೊಂದು ಕುಣಿಕೆ. ಕುಣಿಕೆಯಿಂದ ಕುಣಿಕೆಗೆ ಹೊಟ್ಟೆಯ ಮುಂದೆ ಒಂದು ಗಿಡ್ಡ ಹಗ್ಗ. ಇದನ್ನು ಬ್ರಿಡ್ಜ್ ಅಂತಾರೆ. ಮರಕ್ಕೆ ಬಿಗಿದ ಇನ್ನೊಂದು ಹಗ್ಗಕ್ಕೆ, ಅಂದರೆ ಟೆದರ್‌ಗೆ, ಆ ಬ್ರಿಡ್ಜನ್ನು ಸಿಕ್ಕಿಸಿ, ಮರಕ್ಕೆ ಮುಖ ಮಾಡಿ ಹಿಂದಕ್ಕೆ ವಾಲಿ ಕೂರುವುದು. ಜಿಂಕೆ ಬಂದರೆ ಸುಮ್ನೆ ಕಾಂಡದ ಮರೆಗೆ ಸರಿಯಬಹುದು. ಸ್ಟ್ಯಾಂಡಿನಲ್ಲಿ ಕೂತವನಿಗೆ ಆ ಸುಖ ಇಲ್ಲ. ನಿಮ್ಮ ಮಿಷಿಗನ್‌ನವರೇ ಆದ ಜಾನ್ ಎಬರ್‌ಹಾರ್ಟ್ 1980ರ ದಶಕದಿಂದಲೇ ಹೀಗೆ ಕೂತು ಬೇಟೆಯಾಡಿದವರು. ಆಗ ಅವರನ್ನು ನೋಡಿ ನಕ್ಕವರೇ ಜಾಸ್ತಿ ಇರಬೇಕು.

ನಮ್ಮ ತೀರ್ಥಹಳ್ಳಿ ಕಡೆ ಹಿಂದಿನವರು ತಾರೆ ಮರದಲ್ಲಿ ಮರಸು ಕೂರುತ್ತಿದ್ದರಲ್ಲ, ಅಂದರೆ ಪ್ರಾಣಿ ಬರುವುದನ್ನು ಕಾದು ಅಡಗಿ ಕೂರುತ್ತಿದ್ದರಲ್ಲ, ಅದೇ ಕೆಲಸ ಇದು. ಅಲ್ಲಿ ತಾರೆಕಾಯಿ ಉದುರಿದ ಜಾಗ, ಇಲ್ಲಿ ಪೆನ್ಸಿಲ್ವೇನಿಯದಲ್ಲಿ ಓಕ್ ಕಾಯಿ ಉದುರಿದ ಜಾಗ. ಅಜ್ಜ ಕೊಂಬೆಯ ಮೇಲೆ ಹಾಗೇ ಕೂರುತ್ತಿದ್ದರು. ನಿದ್ದೆ ಬಂದರೆ ಕಥೆ ಮುಗೀತು.

ಈಗ ಹೊಲಿಗೆ. ನನ್ನ ಮೊದಲ ಸ್ಯಾಡಲ್‌ಗೆ ಬಟ್ಟೆ ಒಳ್ಳೆಯದೇ ತಂದಿದ್ದೆ, ಬ್ಯಾಗ್ ಹೊಲಿಯುವ ಕಾರ್ಡುರಾ. ನೂಲು ಮಾತ್ರ ಮನೆಯ ಮೆಷಿನ್ ಪಕ್ಕ ಇದ್ದದ್ದೇ. ಅಮ್ಮ ಆಗ ನಮ್ಮ ಜೊತೆಗಿದ್ದರು. ನೋಡಿ ಒಂದೇ ಮಾತು ಹೇಳಿದರು: "ಏ ಮಾರಾಯ, ಗೋಣಿಚೀಲಕ್ಕೆ ದಬ್ಬಣ ಬೇಕು ಅಂತ ಗೊತ್ತಿಲ್ವಾ ನಿಂಗೆ? ರವಿಕೆ ಸೂಜಿ ಹಿಡ್ಕೊಂಡು ಕೂತಿದೀಯಲ್ಲ!" ಕೇಳಲಿಲ್ಲ. ಹಿತ್ತಿಲಿನ ಮೇಪಲ್ ಮರಕ್ಕೆ ಕಟ್ಟಿ, ನೆಲದಿಂದ ಒಂದೇ ಅಡಿ ಮೇಲೆ ಕೂತೆ. ಪಟಪಟ ಅಂತ ಎಡಗಡೆ ಹೊಲಿಗೆ ಬಿಚ್ಚಿ, ತರಗೆಲೆಯ ಮೇಲೆ ಬಿದ್ದೆ. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡಿ ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಇಪ್ಪತ್ತು ಅಡಿ ಮೇಲಿದ್ದಿದ್ದರೆ ಯಾರೂ ನಗುತ್ತಿರಲಿಲ್ಲ.

ಎರಡನೆಯದನ್ನು ಬೇರೆ ಲೆಕ್ಕದಲ್ಲಿ ಮಾಡಿದೆ. ಬಟ್ಟೆ ಇರುವುದು ಮೆತ್ತಗೆ ಕೂರಲಿಕ್ಕೆ. ಭಾರ ಹೊರುವುದು ಪಟ್ಟಿ. ಬಂಡೆ ಹತ್ತುವವರ ಅಂಗಡಿಯಲ್ಲಿ ಒಂದು ಇಂಚು ಅಗಲದ ಟ್ಯೂಬುಲರ್ ನೈಲಾನ್ ಪಟ್ಟಿ ಸಿಗುತ್ತದೆ. ಒಳ್ಳೆಯದಾದರೆ ಸುಮಾರು 18 ಕಿಲೋನ್ಯೂಟನ್ ತಡೆಯುತ್ತದೆ. ಅಂದರೆ 1,800 ಕೆಜಿಯಷ್ಟು. ಅದೇ ಒಂದು ಪಟ್ಟಿ ಬಟ್ಟೆಯ ಮೇಲಂಚಿನಲ್ಲಿ ಹೋಗಿ, ತುದಿಯಲ್ಲಿ ಕುಣಿಕೆಯಾಗಿ ತಿರುಗಿ, ಕೆಳಂಚಿನಲ್ಲಿ ವಾಪಸ್ ಬರಬೇಕು. ಎಲ್ಲೂ ತುಂಡಾಗಬಾರದು. ಎರಡು ತುದಿ ಸೇರುವ ಕಡೆ ನಾನು ಹೊಲಿಗೆಯನ್ನು ನಂಬಲಿಲ್ಲ. ಪಟ್ಟಿಗೇ ಅಂತ ಇರುವ ವಾಟರ್ ನಾಟ್ ಹಾಕಿದೆ. ಬಾಲ ಮೂರು ಇಂಚಿಗಿಂತ ಜಾಸ್ತಿ ಬಿಟ್ಟೆ. ಆ ಗಂಟು ಕೂತು ಎದ್ದು ಮಾಡಿದ ಹಾಗೆ ನಿಧಾನಕ್ಕೆ ಸಡಿಲವಾಗುತ್ತದೆ. ಮರ ಹತ್ತುವ ಮುಂಚೆ ಪ್ರತಿ ಸಲ ನೋಡಲೇಬೇಕು. ನನ್ನ ಹೊಲಿಗೆಗೆ ಉಳಿದ ಕೆಲಸ ಪಟ್ಟಿ ಬಟ್ಟೆಯಿಂದ ಸರಿಯದ ಹಾಗೆ ಹಿಡಿಯುವುದು, ಅಷ್ಟೇ. ಅದಕ್ಕೂ 69ನೇ ನಂಬರಿನ ಬಾಂಡೆಡ್ ನೈಲಾನ್ ನೂಲು, 18ನೇ ನಂಬರಿನ ಸೂಜಿ. ಮನೆ ಮೆಷಿನ್ ಗೊಣಗಿತು, ಆದರೆ ಹೊಲಿಯಿತು. ದಪ್ಪ ಬಂದ ಕಡೆ ಚಕ್ರವನ್ನು ಕೈಯಿಂದಲೇ ತಿರುಗಿಸಿದೆ.

ಅಳತೆ ನಿಮ್ಮ ಮೈ ಮೇಲೆಯೇ ತೆಗೆದುಕೊಳ್ಳಿ. ಒಂದು ಸೊಂಟದ ಮೂಳೆಯಿಂದ ಹಿಂದೆ ಬಳಸಿ ಇನ್ನೊಂದು ಮೂಳೆವರೆಗೆ ಉದ್ದ. ಎತ್ತರ 11 ಇಂಚು ನನಗೆ ಸರಿಯಾಯಿತು. ಎತ್ತರ ಕಮ್ಮಿಯಾದರೆ ತೊಡೆಯ ಹಿಂದೆ ಕೊರೆಯುತ್ತದೆ. ಸೊಂಟದ ಎರಡು ಬದಿ ಹಿಂಡುವುದು ಮಾತ್ರ ಎಲ್ಲ ಸ್ಯಾಡಲ್‌ಗಳ ಶನಿ. ಬ್ರಿಡ್ಜ್ ಸ್ವಲ್ಪ ಉದ್ದ ಬಿಟ್ಟರೆ ಕಮ್ಮಿಯಾಗುತ್ತದೆ. ಸೊಂಟಕ್ಕೊಂದು ಬೆಲ್ಟ್, ಎರಡು ಕಾಲಿಗೂ ಪಟ್ಟಿ ಬೇಕೇ ಬೇಕು. ಕಾಲುಪಟ್ಟಿ ಇಲ್ಲದೆ ತಲೆಕೆಳಗಾದರೆ ಸ್ಯಾಡಲ್ ಮರದಲ್ಲಿ ಉಳಿಯುತ್ತದೆ, ನೀವು ಉಳಿಯಲ್ಲ. ಎಲ್ಲ ಸೇರಿ ನನ್ನದು 600 ಗ್ರಾಂ ತೂಗುತ್ತದೆ. ಹಳೆಯ ಸ್ಟ್ಯಾಂಡ್ 9 ಕೆಜಿ ಇತ್ತು.

ಇಷ್ಟು ಮನೆಯಲ್ಲಿ ಮಾಡಿ. ಟೆದರ್, ಕ್ಯಾರಬೀನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ), ಬ್ರಿಡ್ಜ್ ಈ ಮೂರನ್ನು ಕೊಂಡುಕೊಳ್ಳಿ. ಟೆದರ್‌ಗೆ 11 ಮಿ.ಮೀ. ಸ್ಟಾಟಿಕ್ ಹಗ್ಗ, ಅದರ ಮೇಲೆ ಪ್ರೂಸಿಕ್ ಗಂಟು (ಕೈಯಿಂದ ಸರಿಸಿದರೆ ಸರಿಯುವ, ಭಾರ ಬಿದ್ದರೆ ಕಚ್ಚುವ ಗಂಟು) ಹಾಕಲು 8 ಮಿ.ಮೀ.ನದು. ಕ್ಯಾರಬೀನರ್ ಮೇಲೆ 22 ಕಿಲೋನ್ಯೂಟನ್ ಅಥವಾ ಹೆಚ್ಚು ಅಂತ ಕೊರೆದಿರಬೇಕು, ಬಾಯಿಗೆ ಲಾಕ್ ಇರಬೇಕು. ಕೀಲಿಕೈ ಗೊಂಚಲಿಗೆ ಮಾರುವ ಬಣ್ಣಬಣ್ಣದ್ದು ಬೇಡ. ಬ್ರಿಡ್ಜ್‌ಗೆ ಆಮ್‌ಸ್ಟೀಲ್ ಅನ್ನುವ ಪ್ಲಾಸ್ಟಿಕ್ ನಾರಿನ ಹಗ್ಗ ಬಳಸುವವರು ಬಹಳ. ತೂಕವೇ ಇಲ್ಲ, ಉಕ್ಕಿನಷ್ಟು ಗಟ್ಟಿ. ಆದರೆ ಅದು ಎಣ್ಣೆ ಹಚ್ಚಿದ ಹಾಗೆ ನುಣುಪು. ಮಾಮೂಲಿ ಗಂಟು ಹಾಕಿದರೆ ಜಾರುತ್ತದೆ. ತುದಿಯನ್ನು ಹಗ್ಗದ ಹೊಟ್ಟೆಯೊಳಗೆ ತೂರಿಸಿ ಕೂಡಿಸುವುದನ್ನು ಕಲಿಯಬೇಕು. 150 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೇ ಕರಗುತ್ತದೆ, ಹಾಗಾಗಿ ಉಜ್ಜಾಟದ ಬಿಸಿಯೂ ಆಗದು. ಆಮ್‌ಸ್ಟೀಲ್‌ನಿಂದಲೇ ಪ್ರೂಸಿಕ್ ಮಾಡಲು ಹೋಗಿ ಗ್ಯಾರೇಜಿನಲ್ಲಿ ಸರ್ ಅಂತ ಜಾರಿದ್ದೇನೆ. ಅದನ್ನು ಅಮ್ಮ ನೋಡಲಿಲ್ಲ.

ಇನ್ನು ಕೂರುವುದು. ಹತ್ತುವಾಗ ಮರ ಬಳಸಿ ಲೈನ್‌ಮನ್ ಹಗ್ಗ ಇರಲಿ, ಅದನ್ನು ಬಿಚ್ಚುವ ಮುಂಚೆ ಟೆದರ್ ಸಿಕ್ಕಿಸಿ. ಟೆದರ್ ಹಣೆಯ ಮಟ್ಟದಲ್ಲಿರಲಿ. ಸಡಿಲ ಬಿಡಲೇಬೇಡಿ. ಸ್ಟಾಟಿಕ್ ಹಗ್ಗ ಹಿಗ್ಗುವುದಿಲ್ಲ. ಎರಡು ಅಡಿ ಸಡಿಲ ಬಿಟ್ಟು ಬಿದ್ದರೂ ಆ ಜಗ್ಗು ನೇರ ಸೊಂಟಕ್ಕೆ ಬರುತ್ತದೆ. ಸ್ಯಾಡಲ್ ಕೂರುವ ಸಾಮಾನು, ಬೀಳುವವನನ್ನು ಹಿಡಿಯುವ ಸಾಮಾನಲ್ಲ. ಮಂಡಿಗೆ ಪ್ಯಾಡ್ ಕಟ್ಟಿ, ಮರಕ್ಕೆ ಒತ್ತಿ ಕೂತರೆ ಮೂರು ಗಂಟೆ ಆರಾಮ. ಹಿತ್ತಿಲಿನಲ್ಲಿ ಒಂದಡಿ ಮೇಲೆ ಒಂದು ವಾರ ಕೂತು, ಎಡಕ್ಕೂ ಬಲಕ್ಕೂ ತಿರುಗಿ ಬಾಣ ಬಿಟ್ಟು ನೋಡಿ. ಬಲಗೈಯವರಿಗೆ ಬಲಗಡೆಯ ಜಿಂಕೆ ಕಷ್ಟ. ನವೆಂಬರಿನಲ್ಲಿ ಗಂಡು ಜಿಂಕೆ ಬರುವುದು ಯಾವಾಗಲೂ ಆ ಕಡೆಯಿಂದಲೇ, ನನ್ನ ಹಣೆಬರಹ.

ಪ್ರಶ್ನೆ (ಮೈಸೂರಿನಿಂದ): ಬೇಟೆಯ ವಿಷಯ ಕನ್ನಡ ಪತ್ರಿಕೆಯಲ್ಲಿ ಬರೆಯುವುದು ಸರಿಯಾ? ಇಲ್ಲಿ ಯಾರಾದರೂ ನೋಡಿ ಕಲಿತರೆ?

ಉತ್ತರ: ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಲ್ಲಿ ಜಿಂಕೆ ಹೊಡೆದರೆ ಜೈಲು. ಅದು ಹಾಗೇ ಇರಲಿ ಅನ್ನುವವನು ನಾನು. ಇಲ್ಲಿ ಅಮೆರಿಕದಲ್ಲಿ ಲೈಸೆನ್ಸ್ ಕೊಟ್ಟು, ಋತು ಗೊತ್ತು ಮಾಡಿ, ಸರ್ಕಾರವೇ ಬೇಟೆ ಆಡಿಸುತ್ತದೆ. ಹೊಸಬರು ತರಗತಿಗೆ ಕೂತು ಪಾಸಾಗಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಜ್ಜನ ಕೋವಿಯ ಕಥೆ ಹೇಳುತ್ತೇನೆ, ಊರಿಗೆ ಬಂದಾಗ ಕಾಡಿಗೆ ಕ್ಯಾಮೆರಾ ಮಾತ್ರ ಒಯ್ಯುತ್ತೇನೆ.

ಪ್ರಶ್ನೆ (ಕೊಪ್ಪದಿಂದ): ಅಡಿಕೆ ಕೊನೆ ತೆಗೆಯಲು ಜನವೇ ಸಿಗುತ್ತಿಲ್ಲ. ನೀವು ಹೋದ ತಿಂಗಳು ಮರಕ್ಕೆ ಕಟ್ಟುವ ಸೀಟಿನ ಬಗ್ಗೆ ಬರೆದಿದ್ದಿರಿ. ಅಡಿಕೆ ಮರಕ್ಕೆ ಆಗುತ್ತಾ ಅಣ್ಣಾ?

ಉತ್ತರ: ಆಗಲ್ಲ ತಮ್ಮಾ. ಹಾಗಂತ ಸುಮ್ನೆ ಹೇಳುತ್ತಿಲ್ಲ, ರಜೆಯಲ್ಲಿ ಬಂದಾಗ ನಮ್ಮ ತೋಟದಲ್ಲೇ ಕಟ್ಟಿ ನೋಡಿದೆ. ಸ್ಯಾಡಲ್ ಇರುವುದು ಮೇಲೆ ಹೋದ ಮೇಲೆ ಕೂರಲಿಕ್ಕೆ. ನಿಮ್ಮ ಕಷ್ಟ ಇರುವುದು ಮೇಲೆ ಹೋಗುವುದರಲ್ಲಿ. ಜೊತೆಗೆ ಕೊನೆಗಾರ ಪ್ರತಿ ಮರಕ್ಕೂ ಇಳಿದು ಹತ್ತುವವನಲ್ಲ. ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುತ್ತಾನೆ. ಅವನನ್ನು ಒಂದು ಮರಕ್ಕೆ ಕಟ್ಟಿದರೆ ಅವನ ಅರ್ಧ ವಿದ್ಯೆಯನ್ನೇ ಕಿತ್ತುಕೊಂಡ ಹಾಗೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗಂತೂ ಪಾಚಿ ಹಿಡಿದ ಕಾಂಡದಲ್ಲಿ ಟೆದರ್ ಕಚ್ಚುವುದೇ ಇಲ್ಲ. ದೋಟಿಗೆ ಸಿಗುವಷ್ಟು ಎತ್ತರದ ತೋಟವಾದರೆ ಫೈಬರ್ ದೋಟಿಯೇ ವಾಸಿ. ಬಂಟ್ವಾಳ ಕಡೆಯ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಸ್ಕೂಟರನ್ನೂ ಒಮ್ಮೆ ನೋಡಿಕೊಂಡು ಬನ್ನಿ.

ಕಾಳುಮೆಣಸು ಕೊಯ್ಯಲೂ ಬೇಡ. ಟೆದರ್ ಕಾಂಡ ಬಳಸಿ ಬಿಗಿಯುವಾಗ ಬಳ್ಳಿಯೇ ಜಜ್ಜಿ ಹೋಗುತ್ತದೆ. ಏಣಿಯೇ ಸರಿ.

ಕಾಫಿ ತೋಟದ ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಯಲಿಕ್ಕೆ ಮಾತ್ರ ಕೂತು ಕೆಲಸ ಮಾಡುವ ಸಾಮಾನು ತುಂಬಾ ಉಪಯೋಗಕ್ಕೆ ಬರುತ್ತದೆ. ಎರಡು ಕೈಯೂ ಖಾಲಿ ಸಿಗುತ್ತವೆ. ಆದರೆ ನನ್ನಂತೆ ಮನೆಯಲ್ಲಿ ಹೊಲಿದದ್ದು ಬೇಡ. ನಾನು ಕೂರುವುದು ನನ್ನ ಜೀವ ಇಟ್ಟು. ನೀವು ಕೂರಿಸುವುದು ಕೂಲಿಗೆ ಬಂದವರನ್ನು. ಐಎಸ್ 3521 ಅನ್ನುವ ಭಾರತೀಯ ಮಾನಕದ ಗುರುತಿರುವ ಹಾರ್ನೆಸ್ (ಮೈಗೆ ಕಟ್ಟುವ ಸುರಕ್ಷತಾ ಪಟ್ಟಿ) ತರಿಸಿಕೊಳ್ಳಿ, ಕೂತು ಕೆಲಸ ಮಾಡಲು ಸೊಂಟದ ಹತ್ತಿರ ಕೊಂಡಿ ಇರುವಂಥದ್ದು. ಕತ್ತಿ ಬೀಸುವ ಕಡೆ ಒಂದೇ ಹಗ್ಗ ಯಾವತ್ತೂ ಇರಬಾರದು. ಎರಡು ಕಟ್ಟಿಸಿ. ಕತ್ತಿಯ ಹತ್ತಿರ ಬರುವ ಹಗ್ಗ ಒಳಗೆ ಉಕ್ಕಿನ ತಂತಿ ಇರುವಂಥದ್ದಾದರೆ ಒಳ್ಳೆಯದು. ಮೊದಲ ದಿನ ಮೇಲೆ ಕಳಿಸುವ ಮುಂಚೆ ಅಂಗಳದ ಹಲಸಿನ ಮರದಲ್ಲಿ, ಒಂದಡಿ ಮೇಲೆ, ನೀವೇ ಕೂತು ನೋಡಿ.