ಸ್ಟುಟ್‌ಗಾರ್ಟ್‌ನಿಂದ ಬಂದ ಏಳು ಪುಟ

ಪ್ರಿಯ ಓದುಗರೇ,

ನಿಮ್ಮ ಪತ್ರ ಹಾಸನಕ್ಕೆ ಬಂದು ತಲುಪಿತು. ಕೈಬರಹದ ಏಳು ಪುಟ, ಮೇಲೆ ಜರ್ಮನಿಯ ಸ್ಟಾಂಪು. ನಮ್ಮ ಆಫೀಸಿಗೆ ಈಗೀಗ ಅಂಚೆಯಲ್ಲಿ ಬರುವುದು ನೋಟಿಸು ಮತ್ತು ಮದುವೆ ಕಾಗದ ಮಾತ್ರ, ಹಾಗಾಗಿ ಕವರ್ ಒಡೆಯುವ ಮೊದಲು ಮೂರು ಜನ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪೂರ್ತಿ ಪತ್ರ ಅಚ್ಚು ಮಾಡಲು ಜಾಗ ಇಲ್ಲ. ಬೇರೆ ಓದುಗರಿಗಾಗಿ ಅದರಲ್ಲಿ ಏನಿದೆ ಅಂತ ನಾನೇ ಹೇಳಿಬಿಡುತ್ತೇನೆ, ತಪ್ಪಿದ್ದರೆ ಬೈಯಿರಿ.

ನೀವು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯವರು. ಆರು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿ ಇಂಜಿನಿಯರ್. ಅಲ್ಲಿ ಎಲ್ಲ ಹೇಳಿದ ಹೊತ್ತಿಗೆ ಆಗುತ್ತದೆ, ಯಾರೂ ಕೈ ಚಾಚುವುದಿಲ್ಲ, ಭಾನುವಾರ ಅಂಗಡಿಗೆ ಬೀಗ, ಖಾಲಿ ಬಾಟ್ಲಿ ವಾಪಸ್ ಕೊಟ್ಟರೆ 25 ಸೆಂಟ್ ಕೈಗೆ ಬರುತ್ತದೆ. ನಮ್ಮಲ್ಲಿ ಯಾವುದೂ ಸರಿಯಿಲ್ಲ. ದಿಲ್ಲಿಯವರು ಹೀಗೆ, ಬೆಂಗಳೂರಿನವರು ಹಾಗೆ, ಟಿವಿಯವರು ಹೇಗೂ ಇಲ್ಲ. ವಿದೇಶದಲ್ಲಿರುವವರಿಗೆ ಆನ್‌ಲೈನ್ ವೋಟು ಕೊಟ್ಟರೆ ಒಂದೇ ಚುನಾವಣೆಯಲ್ಲಿ ದೇಶ ಬದಲಾಗುತ್ತದೆ. ಆರು ಪುಟ ಇಷ್ಟು. ಏಳನೇ ಪುಟದಲ್ಲಿ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ಎರಡು ವಿಷಯ ಇವೆ. ಕಾಫಿ ತೋಟ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆ, ಅಪ್ಪ ಓಡಾಡಿ ಸುಸ್ತಾಗಿದ್ದಾರೆ. ಮತ್ತೆ, ಫೋನಿನಲ್ಲಿ ರಾಜಕೀಯ ಮಾತಾಡಲು ಹೋಗಿ ಅಪ್ಪನ ಜೊತೆ ಜಗಳವಾಗಿ ಮೂರು ವಾರದಿಂದ ಮಾತಿಲ್ಲ.

ನನಗೆ ಏಳನೇ ಪುಟವೇ ಪತ್ರ ಅನ್ನಿಸಿತು. ಆದರೆ ನೀವು ಉತ್ತರ ಕೇಳಿರುವುದು ಮೊದಲ ಆರಕ್ಕೆ. ಇರಲಿ, ಅಲ್ಲಿಂದಲೇ ಬರೋಣ.

ವೋಟಿನ ವಿಷಯ ಮೊದಲು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರದೇಶದಲ್ಲಿರುವವರಿಗೆ ಮತದ ಹಕ್ಕು ಇಲ್ಲ ಅಂತ ಬರೆದಿದ್ದೀರಿ. ಇದೆ. 2010ರಲ್ಲಿ ಕಾನೂನು ತಿದ್ದಿದರು, 2011ರಿಂದ ಜಾರಿಯಲ್ಲಿದೆ. ಫಾರಂ 6ಎ ತುಂಬಿದರೆ ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೇ ಹೆಸರು ಸೇರುತ್ತದೆ. ತೊಡಕು ಏನೆಂದರೆ ಮತಗಟ್ಟೆಗೆ ನೀವೇ ಬರಬೇಕು, ಅಸಲು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದುಕೊಂಡು. ಬದಲಿ ವ್ಯಕ್ತಿಯಿಂದ ವೋಟು ಹಾಕಿಸುವ ಮಸೂದೆಯೊಂದು 2018ರಲ್ಲಿ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆ ದಾಟಲಿಲ್ಲ, ಮರುವರ್ಷ ಬಿದ್ದುಹೋಯಿತು. 2024ರ ಚುನಾವಣೆಯಲ್ಲಿ ಹೀಗೆ ಹೆಸರು ಸೇರಿಸಿದ್ದವರು ಸುಮಾರು 1.19 ಲಕ್ಷ. ಬಂದು ಮತ ಹಾಕಿದವರು 2,958. ಅದರಲ್ಲಿ 2,670 ಜನ ಕೇರಳದವರೇ! ಮಿಕ್ಕ ಇಡೀ ದೇಶಕ್ಕೆ ಮುನ್ನೂರು ಕೂಡ ಇಲ್ಲ. ವಿಮಾನದ ಟಿಕೆಟ್ ಕೊಂಡು ಬಂದು ವೋಟು ಹಾಕಿ ಅನ್ನುವುದು ನ್ಯಾಯ ಅಲ್ಲ, ಒಪ್ಪುತ್ತೇನೆ. ಅಂಚೆ ಮತವನ್ನಾದರೂ ಕೊಡಬೇಕು.

ಆದರೆ ಒಂದು ಮಾತು. ನಿಮ್ಮ ಅಪ್ಪನ ತೋಟದ ಕೆಲಸಕ್ಕೆ ಅಸ್ಸಾಮಿನ ಹುಡುಗರು ಬಂದಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅವರದೂ ಇದೇ ಕತೆ. ಊರಲ್ಲಿ ಚುನಾವಣೆ, ಇವರು ಸಕಲೇಶಪುರದಲ್ಲಿ, ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಮೂರು ದಿನ ರೈಲಿನಲ್ಲಿ ಹೋಗಿ ವೋಟು ಹಾಕಿ ಬಂದರೆ ಎರಡು ವಾರದ ಕೂಲಿ ಹೋಯಿತು. ಇಂಥವರಿಗಾಗಿ ಇದ್ದಲ್ಲಿಂದಲೇ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದೆ ಇಟ್ಟಿತ್ತು. ಪಕ್ಷಗಳು ಒಪ್ಪಲಿಲ್ಲ, ಅದು ಅಲ್ಲಿಗೇ ನಿಂತಿದೆ. ಆ ಹುಡುಗರು ಸಂಜೆ ಲೈನ್ ಮನೆ ಮುಂದೆ ಕೂತು ಮೊಬೈಲ್‌ನಲ್ಲಿ ಗುವಾಹಟಿಯ ರಾಜಕೀಯ ನೋಡಿ ಜಗಳ ಆಡುತ್ತಾರಂತೆ, ನಮ್ಮ ವರದಿಗಾರರೊಬ್ಬರು ಹೇಳಿದರು. ನಿಮ್ಮ ಪತ್ರ ಓದುವಾಗ ಅದೇ ನೆನಪಾಯಿತು. ವೋಟಿನ ಕ್ಯೂನಲ್ಲಿ ನಿಮಗಿಂತ ಮುಂದೆ ಅವರು ನಿಲ್ಲಬೇಕು ಅಂತ ನನ್ನ ಅಭಿಪ್ರಾಯ. ನಿಮಗೆ ಕೋಪ ಬರಬಹುದು.

ಈಗ ಅಸಲು ತಕರಾರು. ಪೆನ್ಸಿಲ್ ಹಿಡಿದು ನಿಮ್ಮ ಪತ್ರ ಎಣಿಸಿದೆ. (ಸಂಪಾದಕನಿಗೆ ಬೇರೆ ಕೆಲಸ ಇಲ್ಲ ಅನ್ನಬೇಡಿ, ಮಳೆಗೆ ಕರೆಂಟ್ ಹೋಗಿತ್ತು.) ದಿಲ್ಲಿ 19 ಸಲ ಬಂದಿದೆ. ಬೆಂಗಳೂರು 8 ಸಲ. ಸಕಲೇಶಪುರ ಒಂದು ಸಲ, ಅದೂ ಯಾವ ಬಸ್ಸು ಎಲ್ಲಿ ಸಿಗುತ್ತದೆ ಅನ್ನುವುದಕ್ಕೆ. ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ? ಸೊನ್ನೆ.

ತಪ್ಪು ನಿಮ್ಮದಷ್ಟೇ ಅಲ್ಲ, ಫೋನಿನದೂ ಹೌದು. ಏಳು ಸಾವಿರ ಕಿಲೋಮೀಟರ್ ದೂರಕ್ಕೆ ದಿಲ್ಲಿಯ ಗಲಾಟೆ ಕೇಳುತ್ತದೆ, ಹೆತ್ತೂರಿನ ನಲ್ಲಿಯಲ್ಲಿ ನೀರು ಬರದಿರುವುದು ಕೇಳುವುದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ, ಹುಡುಕದೆ ಹೇಳಿ. ನಿಮ್ಮ ಹೋಬಳಿಯ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು?

ಯಾರೂ ಇಲ್ಲ ಮಾರಾಯ್ರೆ. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಹೇಳುತ್ತಾ 2025 ಬಂದರೂ ಚುನಾವಣೆ ಇಲ್ಲ. ಈ ನಡುವೆ ಸರ್ಕಾರ ಬದಲಾಯಿತು, ಮುಖ್ಯಮಂತ್ರಿ ಬದಲಾದರು, ಇದೊಂದು ಬದಲಾಗಲಿಲ್ಲ, ಯಾಕೆಂದರೆ ಗೆದ್ದ ಸದಸ್ಯರ ಬದಲು ಸರ್ಕಾರದ ಆಡಳಿತಾಧಿಕಾರಿ ಕೂತಿದ್ದರೆ ಯಾವ ಪಕ್ಷದ ಶಾಸಕರಿಗೂ ತೊಂದರೆ ಇಲ್ಲ, ಎದುರು ಮಾತಾಡುವ ಇನ್ನೊಬ್ಬ ಲೀಡರ್ ಹುಟ್ಟುವುದಿಲ್ಲ. ಈ ರಾಜ್ಯವೇ ಅಲ್ವಾ 1983ರಲ್ಲಿ ಜಿಲ್ಲಾ ಪರಿಷತ್ತಿನ ಕಾನೂನು ಮಾಡಿ, 1987ರಲ್ಲಿ ಚುನಾವಣೆ ನಡೆಸಿ, ದೇಶಕ್ಕೆಲ್ಲ ದಾರಿ ತೋರಿಸಿದ್ದು? ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡ ರಾಜ್ಯ ಇದು. ನಿಮ್ಮ ಆರು ಪುಟದ ಸಿಟ್ಟಿನಲ್ಲಿ ಇದಕ್ಕೆ ಅರ್ಧ ಸಾಲು ಕೂಡ ಸಿಗಲಿಲ್ಲ. ಇಲ್ಲೇ ಇರುವ ನಮ್ಮಲ್ಲೂ ಎಷ್ಟು ಜನಕ್ಕೆ ಸಿಟ್ಟು ಬಂದಿದೆ ಹೇಳಿ. ನಮ್ಮ ಪತ್ರಿಕೆಯಲ್ಲೇ ಈ ಬಗ್ಗೆ ಬಂದದ್ದು ಎರಡೇ ಲೇಖನ.

ನೀವಿರುವ ಊರನ್ನೇ ನೋಡಿ. ದಿನಾ ಸ್ಟುಟ್‌ಗಾರ್ಟ್‌ನ ದೊಡ್ಡ ರೈಲು ನಿಲ್ದಾಣದ ಮುಂದೆ, ತಗಡಿನ ಬೇಲಿ ಪಕ್ಕ ನಡೆದು ಹೋಗುತ್ತೇನೆ ಅಂತ ಬರೆದಿದ್ದೀರಿ. ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣ ಇನ್ನೂ ಆಗಿಲ್ಲ ಅಂತ ಅದೇ ಪುಟದಲ್ಲಿ ನಮ್ಮನ್ನು ಹಂಗಿಸಿದ್ದೀರಿ. ಆ ಬೇಲಿಯ ಒಳಗಿರುವುದು ಏನು ಗೊತ್ತಾ? ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕೆಲಸ, 'ಸ್ಟುಟ್‌ಗಾರ್ಟ್ 21' ಅಂತ ಹೆಸರು. 2010ರಲ್ಲಿ ಶುರುವಾಯಿತು. 2019ಕ್ಕೆ ಮುಗಿಯಬೇಕಿತ್ತು. ಸುಮಾರು 450 ಕೋಟಿ ಯೂರೋ ಅಂದಿದ್ದ ಖರ್ಚು 1,100 ಕೋಟಿ ದಾಟಿದೆ, ನಿಲ್ದಾಣ ಇನ್ನೂ ತೆರೆದಿಲ್ಲ. ಹೇಳಿದ ನಿಮಿಷಕ್ಕೆ ರೈಲು ಬರುತ್ತದೆ ಅಂದಿರಲ್ಲ, 2024ರಲ್ಲಿ ಅಲ್ಲಿಯ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ 62.5. ಐದು ನಿಮಿಷ ತಡವಾದರೂ ಅವರು ಅದನ್ನು ತಡ ಅನ್ನುವುದಿಲ್ಲ, ಅಷ್ಟಾದರೂ ಇಷ್ಟು.

'ಅವರೂ ನಮ್ಮ ಹಾಗೇ' ಅಂತ ಸಮಾಧಾನ ಮಾಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನನಗೆ ಆಸಕ್ತಿ ಇರುವುದು ಬೇರೆ ಕಡೆ. ಆ ನಿಲ್ದಾಣಕ್ಕಾಗಿ ಪಕ್ಕದ ಪಾರ್ಕಿನ ಹಳೇ ಮರ ಕಡಿಯಲು ಬಂದಾಗ, 2010ರ ಸೆಪ್ಟೆಂಬರ್ 30ರಂದು, ಶಾಲೆ ಹುಡುಗರಿಂದ ಹಿಡಿದು ಪೆನ್ಷನ್ ತೆಗೆದುಕೊಳ್ಳುವ ಮುದುಕರ ತನಕ ಅಡ್ಡ ನಿಂತರು. ಪೊಲೀಸರು ನೀರಿನ ಫಿರಂಗಿ ಬಿಟ್ಟರು. ನೂರಕ್ಕೂ ಜಾಸ್ತಿ ಜನರಿಗೆ ಗಾಯವಾಯಿತು, ವಯಸ್ಸಾದ ಒಬ್ಬರ ದೃಷ್ಟಿಯೇ ಹೋಯಿತು. ಮುಂದಿನ ವರ್ಷದ ರಾಜ್ಯ ಚುನಾವಣೆಯಲ್ಲಿ ಐದು ದಶಕಕ್ಕೂ ಮೀರಿ ಆಳಿದ್ದ ಪಕ್ಷ ಮನೆಗೆ ಹೋಯಿತು. ಹೊಸ ಸರ್ಕಾರ ಜನಮತ ಕೇಳಿತು. ತಮಾಷೆ ನೋಡಿ, ಸುಮಾರು 59 ಪರ್ಸೆಂಟ್ ಜನ 'ಕೆಲಸ ಮುಂದುವರಿಯಲಿ' ಅಂದುಬಿಟ್ಟರು! ಸೋತವರು ಮನೆಯಲ್ಲಿ ಕೂರಲಿಲ್ಲ, ವರ್ಷಗಟ್ಟಲೆ ಪ್ರತಿ ಸೋಮವಾರ ಸಂಜೆ ಬಂದು ನಿಂತರು. ಬರ್ಲಿನ್‌ನ ವಿಷಯಕ್ಕಲ್ಲ, ಜಗತ್ತಿನ ವಿಷಯಕ್ಕಲ್ಲ, ತಮ್ಮ ಊರಿನ ಒಂದು ಸ್ಟೇಷನ್ ಮತ್ತು ಒಂದಷ್ಟು ಮರಗಳಿಗಾಗಿ. ಆರು ವರ್ಷ ಅದೇ ಬೇಲಿ ಪಕ್ಕ ಓಡಾಡಿದ ನೀವು ಆ ಮುದುಕರಲ್ಲಿ ಒಬ್ಬರನ್ನಾದರೂ ನಿಲ್ಲಿಸಿ ಮಾತಾಡಿಸಿದ್ದೀರಾ? ಮಾತಾಡಿಸಿ, ಬರೆದು ಕಳಿಸಿ. ಇದನ್ನು ಮಾತ್ರ ಪೂರ್ತಿ ಅಚ್ಚು ಹಾಕುತ್ತೇನೆ.

ಅಲ್ಲಿ ನಿಮಗೆ ಪಾಲಿಕೆ ವೋಟು ಕೂಡ ಇಲ್ಲ, ಅದು ಗೊತ್ತು. ಯುರೋಪ್ ಒಕ್ಕೂಟದವರಿಗೆ ಇದೆ, ನಿಮಗಿಲ್ಲ. ಆದರೂ ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅಲ್ಲಿಯ ಮೆಟ್ಟಿಲು ಗುಡಿಸುವ ಸಂಗತಿ. 'ಕೇರ್‌ವೋಖ' ಅಂತೆ, ಗುಡಿಸುವ ವಾರ. ಬಾಡಿಗೆ ಮನೆಯವರು ಸರದಿ ಮೇಲೆ ಮೆಟ್ಟಿಲು, ಗೇಟಿನ ಮುಂದಿನ ಜಾಗ ಗುಡಿಸಬೇಕು, ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ನೇತಾಕುತ್ತಾರೆ. ಮೊದಲ ವಾರ ನೀವು ಗುಡಿಸದೆ ಬಿಟ್ಟು, ಕೆಳಗಿನ ಮನೆ ಅಜ್ಜಿ ಬಂದು ಬಾಗಿಲು ತಟ್ಟಿದ್ದು ಓದಿ ಆಫೀಸಿನಲ್ಲಿ ಎಲ್ಲ ನಕ್ಕೆವು. ಊರಲ್ಲಿ ಒಂದು ದಿನ ಪೊರಕೆ ಹಿಡಿಯದವರು ಅಂತ ನೀವೇ ಒಪ್ಪಿಕೊಂಡಿದ್ದೀರಿ. ಈಗ ಶನಿವಾರ ತಪ್ಪದೆ ಗುಡಿಸುತ್ತೀರಿ. ದೇಶ ಹೀಗಿದೆ ಅಂತ ಆ ಅಜ್ಜಿ ಭಾಷಣ ಮಾಡಲಿಲ್ಲ, ಬಾಗಿಲು ತಟ್ಟಿದರು ಅಷ್ಟೆ.

ಏಳನೇ ಪುಟಕ್ಕೆ ಬರುತ್ತೇನೆ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬರುವುದು, ಆಗದಿರುವುದಕ್ಕೆ 'ಭ್ರಷ್ಟ ವ್ಯವಸ್ಥೆ' ಕಾರಣ ಅಂದಿದ್ದೀರಿ. ಎರಡು ಸಾಲು ಕೆಳಗೆ, ಅರಸೀಕೆರೆಯ ಸೋದರತ್ತೆ ಇನ್ನೂ ಸಹಿ ಹಾಕಿಲ್ಲ ಅಂತಲೂ ಇದೆ. ಹಾಗಾದರೆ ಅರ್ಧ ವ್ಯವಸ್ಥೆ ಅರಸೀಕೆರೆಯಲ್ಲಿದೆ ಅಲ್ವಾ? ಅತ್ತೆ ಯಾಕೆ ಹಾಕಿಲ್ಲ, ಯಾರಾದರೂ ಹೋಗಿ ಕೂತು ಕೇಳಿದ್ದೀರಾ? ಅಪ್ಪ ತೀರಿಹೋದರೆ ಮಗಳೂ ಮೊದಲ ಸಾಲಿನ ವಾರಸುದಾರಳು ಅನ್ನುವುದು 1956ರ ಕಾನೂನಿನಿಂದಲೇ ಇದೆ. 'ಸುಮ್ನೆ ಒಂದು ಸೈನ್ ಹಾಕಿಬಿಡಿ' ಅಂತ ಅಣ್ಣತಮ್ಮಂದಿರು ಪೇಪರ್ ಚಾಚಿದರೆ ಯಾವ ಹೆಂಗಸಾದರೂ ಯೋಚನೆ ಮಾಡುತ್ತಾಳೆ, ಮಾಡಲಿ. ಅದು ಬಗೆಹರಿದ ಮೇಲೆ ಅರ್ಜಿ ಕೊಡಿ, ಹೇಳಿದ ದಿನಕ್ಕೆ ಕೆಲಸ ಮಾಡಿಕೊಡುವ ಸರ್ಕಾರದ 'ಸಕಾಲ' ಯೋಜನೆಯ ಜಿಎಸ್‌ಸಿ ನಂಬರು, ಅಂದರೆ ಅರ್ಜಿಯ ಗುರುತಿನ ನಂಬರು, ಇಸ್ಕೊಳ್ಳಿ. ಹೇಳಿದ ದಿನಕ್ಕೆ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ. ಆದರೆ ಆ ನಂಬರು ಹಿಡಿದು ಕೇಳಿದಾಗ 'ನಾಳೆ ಬನ್ನಿ' ಅನ್ನುವುದು ಸ್ವಲ್ಪ ಕಷ್ಟ.

ಇದನ್ನೆಲ್ಲ ಬರೆಯಲು ನನಗೆ ಯೋಗ್ಯತೆ ಇದೆಯಾ ಅಂದರೆ, ಕಡಿಮೆ. ನಮ್ಮಪ್ಪ ತೀರಿಹೋದಾಗ ನಾನು ಬೆಂಗಳೂರಿನಲ್ಲಿದ್ದೆ. ಎರಡು ಎಕರೆ ಹೊಲದ ಪೌತಿ ಖಾತೆಗೆ ಒಂಬತ್ತು ವರ್ಷ ತಲೆ ಹಾಕಲಿಲ್ಲ. ಆಮೇಲೆ ಒಂದು ಕಚೇರಿಗೆ ನಾಲ್ಕು ಸಲ ಅಲೆದೆ, ಐದನೇ ಸಲ ಬಾಗಿಲ ಹೊರಗೆ ಒಬ್ಬರ ಕೈಗೆ ಮೂರು ಸಾವಿರ ಇಟ್ಟೆ. ಹದಿನೈದು ದಿನಕ್ಕೆ ಪಹಣಿ ಬಂತು. ಅದೇ ತಿಂಗಳು ಈ ಪತ್ರಿಕೆಯಲ್ಲಿ ಲಂಚದ ವಿರುದ್ಧ ಖಾರವಾದ ಸಂಪಾದಕೀಯ ಬರೆದೆ. ಮೆಚ್ಚಿ ಹನ್ನೊಂದು ಪತ್ರ ಬಂದವು. ಇವತ್ತಿಗೂ ಆ ಸಂಚಿಕೆಯನ್ನು ತೆಗೆದು ನೋಡುವುದಿಲ್ಲ.

ನೀವು ಖಾತೆಗೆ ಅವಸರ ಮಾಡಲು ಇನ್ನೊಂದು ಕಾರಣವೂ ಇದೆ. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ಯಾವ ತೋಟದ ಬೀಜ ಅನ್ನುವುದಕ್ಕೆ ಜಾಗದ ಗುರುತು ಕೊಡಬೇಕು. ಜಾರಿಯ ದಿನ ಮುಂದಕ್ಕೆ ಹೋಗುತ್ತಿದೆ, ಕಾನೂನು ಹೋಗಿಲ್ಲ. ಭಾರತದ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಅಂದರೆ ನಿಮ್ಮ ಅಪ್ಪನ ನಾಲ್ಕು ಎಕರೆ ಬಗ್ಗೆ ಆ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ನಲ್ಲಿ ತೀರ್ಮಾನ ಆಗುತ್ತಿದೆ, ಅದನ್ನು ಓದಿ ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಬಲ್ಲ ಒಬ್ಬ ಮನುಷ್ಯ ಆ ಮನೆಯವನೇ ಆಗಿ ಜರ್ಮನಿಯಲ್ಲಿ ಕೂತಿದ್ದಾನೆ, ಅವನು ಫೋನ್ ಮಾಡಿ ದಿಲ್ಲಿಯ ವಿಷಯಕ್ಕೆ ಜಗಳ ಆಡುತ್ತಿದ್ದಾನೆ.

ಇಲ್ಲಿ ಸಂಜೆ ಆರಾದರೆ ನಿಮ್ಮ ಕಡೆಯ ಜನ ತೋಟಕ್ಕೆ ಇಳಿಯುವುದಿಲ್ಲ. ಹಲಸು ಹಣ್ಣಾಗುವ ಕಾಲ, ಬಗನಿ ಮರ ಮುರಿದ ಸದ್ದು ಕೇಳಿದರೆ ಆನೆ ಎಲ್ಲಿದೆ ಅಂತ ಗೊತ್ತಾಗುತ್ತದೆ, ಅದು ಬಿಟ್ಟರೆ ವಾಟ್ಸಾಪ್ ಗ್ರೂಪಿಗೆ ಬರುವ ಮೆಸೇಜು. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ನಿಮ್ಮ ಪಕ್ಕದ ಯಸಳೂರಿನಲ್ಲೇ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಅಂಥ ಆನೆಯೇ ಉಳಿಯಲಿಲ್ಲ, ಕೋಲು ಟಾರ್ಚು ಹಿಡಿದ ಮುದುಕರ ಪಾಡೇನು ಹೇಳಿ. ಮೂರು ವಾರದ ಹಿಂದೆ ನೀವು ಫೋನ್ ಮಾಡಿದ ಹೊತ್ತಿಗೆ ಅಂಗಳದಾಚೆ ಏನು ಸದ್ದಾಗುತ್ತಿತ್ತೋ ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ಸಲ ಅದನ್ನು ಕೇಳಿ. ಆಮೇಲೆ ಬೇಕಾದರೆ ದಿಲ್ಲಿಗೆ ಹೋಗಿ.

ಇನ್ನೊಂದು ಮರೆತಿದ್ದೆ. ನಿಮ್ಮ ತಂದೆಯವರ ಹೆಸರಿನಲ್ಲಿರುವ ಚಂದಾ ಮಾರ್ಚಿಗೇ ಮುಗಿದಿದೆ. ಪತ್ರಿಕೆ ನಿಲ್ಲಿಸಿಲ್ಲ, ಹೋಗುತ್ತಲೇ ಇದೆ. ನೀವು ದುಡ್ಡು ಕಳಿಸುವುದಾದರೆ ಅವರಿಗೆ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ.

ನಿಮ್ಮ
ಸಂಪಾದಕ